ನಲವತ್ತಾರು ನಿಮಿಷದ ಅಕ್ಕ

ಮೂವತ್ತಮೂರು ಎಂಬ ಅಂಕಿ ಆ ಮೂರು ವಾರ ನನ್ನ ತಲೆಯಿಂದ ಇಳಿಯಲೇ ಇಲ್ಲ. ಬಟ್ಟೆ ಹಿಂಡುವಾಗ, ಬಾಟಲಿ ಕುದಿಸುವಾಗ, ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವಾಗ ಅದೇ ಮೂವತ್ತಮೂರು. ನಮ್ಮೂರಿನ ಸಣ್ಣ ವಿಮಾನ ನಿಲ್ದಾಣದಿಂದ ಕಣ್ಣಾಸ್ಪತ್ರೆ ಇರುವ ಊರಿನ ಸಣ್ಣ ವಿಮಾನ ನಿಲ್ದಾಣಕ್ಕೆ ಇನ್ನೂರ ಮೂವತ್ತಾರು ಕಿಲೋಮೀಟರ್, ಹಾರಾಟದ ಸಮಯ ಮೂವತ್ತಮೂರು ನಿಮಿಷ ಎಂದು ಫೋನಿನಲ್ಲಿ ಓದಿದ್ದೆ. ಎರಡು ಊರಿನ ಹೆಸರು ಒತ್ತಿದರೆ ದೂರ, ಹೊತ್ತು ಎರಡನ್ನೂ ಹೇಳಿಬಿಡುವ ಪುಟ ಅದು. ಅದನ್ನು ನಂಬಿದೆ. ನಂಬಿ, ಎರಡೂವರೆ ತಿಂಗಳ ಕೂಸನ್ನು ಆಕಾಶದಲ್ಲಿ ಇಪ್ಪತ್ತು ನಿಮಿಷ ಅಳಿಸಿದೆ.

ನಡೆದದ್ದು ಇಷ್ಟು. ಮಗಳು ಹುಟ್ಟಿ ಎರಡು ತಿಂಗಳಾದರೂ ಮುಖ ನೋಡಿ ನಗುತ್ತಿರಲಿಲ್ಲ. ದನಿ ಕೇಳಿದರೆ ತಿರುಗುತ್ತಿದ್ದಳು, ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದಳು, ಆದರೆ ನನ್ನನ್ನು ದಾಟಿ ಎಲ್ಲಿಗೋ ನೋಡುತ್ತಿದ್ದಳು. ಎರಡೂ ಕಣ್ಣಿನಲ್ಲಿ ಹುಟ್ಟಿನಿಂದಲೇ ಪೊರೆ ಎಂದು ಇಲ್ಲಿಯ ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆ ಆಗುವುದು ಬೆಟ್ಟದಾಚೆಯ ಆ ಊರಿನಲ್ಲಿ ಮಾತ್ರ. ಗಂಡನಿಗೆ ಗಾಜಿನ ಕಾರ್ಖಾನೆಯಲ್ಲಿ ಪಾಳಿ, ರಜೆ ಸಿಗಲಿಲ್ಲ. ಅತ್ತೆಯನ್ನು ಜೊತೆಗೆ ಕರೆದುಕೊಂಡು ವಿಮಾನ ಹತ್ತಿದೆ.

ವಿಮಾನ ಇಳಿಯುವಾಗ ಕೂಸುಗಳ ಕಿವಿ ಕಟ್ಟುತ್ತದೆ, ಆಗ ಹಾಲು ಕುಡಿಸುತ್ತಿದ್ದರೆ ನೋವಾಗುವುದಿಲ್ಲ ಎಂದೂ ಓದಿಕೊಂಡಿದ್ದೆ. ಓದುವುದರಲ್ಲಿ ನಾನು ಚಿಕ್ಕಂದಿನಿಂದ ಮುಂದು. ಮೂವತ್ತಮೂರು ನಿಮಿಷದ ಹಾರಾಟ ಅಂದರೆ ಹದಿನೈದರ ಸುಮಾರಿಗೆ ಇಳಿಯಲು ಶುರುಮಾಡುತ್ತದೆ ಎಂದು ಲೆಕ್ಕ ಹಾಕಿ, ಹದಿನಾಲ್ಕನೆಯ ನಿಮಿಷಕ್ಕೆ ಬಾಟಲಿ ಬಾಯಿಗಿಟ್ಟೆ. ಅವಳು ಗಟಗಟ ಕುಡಿದು, ತೇಗಿ, ಇಪ್ಪತ್ತೈದಕ್ಕೆಲ್ಲ ಮಲಗಿಬಿಟ್ಟಳು. ಗೆದ್ದೆ ಎಂದುಕೊಂಡೆ. ವಿಮಾನ ಇಳಿಯಲು ಶುರುಮಾಡಿದ್ದೇ ಮೂವತ್ತೊಂದಕ್ಕೆ. ಬೆಚ್ಚಿ ಎದ್ದವಳು ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗೆ ಕಿರುಚಿದಳು. ಹೊಟ್ಟೆ ತುಂಬಿದ್ದರಿಂದ ಬಾಟಲಿಯನ್ನು ನಾಲಿಗೆಯಿಂದ ನೂಕಿದಳು, ಕುಡಿದದ್ದನ್ನೆಲ್ಲ ಕಕ್ಕಿದಳು. ಚಕ್ರ ನೆಲ ಮುಟ್ಟುವಾಗ ಐವತ್ತೆರಡು ನಿಮಿಷ ಆಗಿತ್ತು. ನನ್ನ ಜೀವ ಬಾಯಿಗೆ ಬಂದಿತ್ತು.

ಆ ಊರಿನ ಡಾಕ್ಟರಮ್ಮ ಕಣ್ಣು ನೋಡಿ, ಕಿವಿಯನ್ನೂ ತೋರಿಸಿ ಬನ್ನಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಕಿವಿ ಕೆಂಪಾಗಿದೆ, ಹರಿದಿಲ್ಲ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದರು ಅಲ್ಲಿ. ಡಾಕ್ಟರಮ್ಮ ಕೊನೆಗೆ ಹೇಳಿದ ಮಾತು ಮಾತ್ರ ಇವತ್ತಿಗೂ ಹಾಗೇ ಕೇಳುತ್ತದೆ. "ಪೊರೆ ನಾನು ತೆಗೀತೀನಮ್ಮ. ಆದ್ರೆ ನೋಡೋದನ್ನ ಮೆದುಳು ಈಗಲೇ ಕಲೀಬೇಕು. ತಡ ಆದ್ರೆ ಕಣ್ಣು ಸ್ವಚ್ಛ ಇರ್ತದೆ, ನೋಟ ಇರಲ್ಲ." ಹದಿನಾರನೆಯ ತಾರೀಖು ಕೊಟ್ಟರು. ಅದಕ್ಕೆ ಹಿಂದಿನ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡಿ ಬರುತ್ತೇವೆ ಎಂದು ಹೇಳಬೇಕು. ಹೇಳದಿದ್ದರೆ ಆ ಸರದಿ ಇನ್ನೊಂದು ಮಗುವಿಗೆ. ನಮಗೆ ಮುಂದಿನದು ಆರು ವಾರದ ಮೇಲೆ.

ವಾಪಸು ಬರುವಾಗ ವಿಮಾನದ ಹತ್ತಿರ ಸುಳಿಯಲಿಲ್ಲ. ಟಿಕೆಟ್ ಕೈಯಲ್ಲಿದ್ದರೂ ಬಸ್ಸು ಹತ್ತಿದೆವು. ಬೆಟ್ಟ ಬಳಸಿಕೊಂಡು ಹನ್ನೊಂದು ಗಂಟೆ. ಮಗಳು ಒಂಬತ್ತು ಸಲ ವಾಂತಿ ಮಾಡಿಕೊಂಡಳು, ಅತ್ತೆ ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರು. ಅಂದರೆ ಅತ್ತ ದರಿ, ಇತ್ತ ಪುಲಿ. ಬಸ್ಸಿಗೆ ಮಗು ತಡೆಯುವುದಿಲ್ಲ, ವಿಮಾನಕ್ಕೆ ನನ್ನ ಎದೆ ತಡೆಯುವುದಿಲ್ಲ. ಕಣ್ಣು ಉಳಿಸಲು ಹೋಗಿ ಕಿವಿ ಕಳೆದುಕೊಂಡರೆ?

ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ. ವಿಮಾನ ಕಂಪನಿಯ ದೂರಿನ ಅರ್ಜಿ ತುಂಬಿದೆ. ಮೂವತ್ತಮೂರು ನಿಮಿಷ ಎಂದು ಹೇಳಿ ಐವತ್ತೆರಡು ನಿಮಿಷ ಹಾರಿಸಿದ್ದೀರಿ, ನನ್ನ ಮಗುವಿನ ಕಿವಿಗೆ ಯಾರು ಹೊಣೆ ಎಂದು ಒಂದೂವರೆ ಪುಟ ಬರೆದೆ.

ಉತ್ತರ ನಡೆದುಕೊಂಡು ಬಂತು. ಶುಕ್ರವಾರಕ್ಕೆ ನಾಲ್ಕು ದಿನ ಇರುವಾಗ, ಸೋಮವಾರ ಸಂಜೆ ಐದಕ್ಕೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಐವತ್ತು ದಾಟಿದ ಹೆಂಗಸು. ನೀಲಿ ಕೋಟು, ಕಾಲಿಗೆ ಕ್ಯಾನ್ವಾಸ್ ಷೂ, ಕಂಕುಳಲ್ಲಿ ಬಟ್ಟೆಯ ಹೊದಿಕೆ ಹಾಕಿದ ದಪ್ಪ ಪುಸ್ತಕ.

"ದೂರು ಬರೆದವರು ನೀವೇನಾ?"

"ಹೌದು. ನೀವು?"

"ಉತ್ತರ ಬರೀಬೇಕಾದವಳು. ಮೂರು ಸಲ ಬರೆದೆ, ಮೂರು ಸಲ ಹರಿದೆ. ವಿಳಾಸ ನೋಡಿದ್ರೆ ನಮ್ಮನೆಯಿಂದ ಎರಡೇ ಬೀದಿ. ಕಾಗದಕ್ಕಿಂತ ಕಾಲು ವಾಸಿ ಅಂತ ಬಂದೆ."

ನನ್ನ ಹಿಂದಿನಿಂದ ಅತ್ತೆ ಇಣುಕಿದರು. "ಬನ್ನಿ ಒಳಗೆ. ಇವಳು ದೂರು ಬರೆದಿದ್ದು ನಮಗೇ ಗೊತ್ತಿಲ್ಲ. ನನ್ನ ಮೇಲೂ ಏನಾದ್ರೂ ಬರೆದಿದ್ದಾಳಾ, ನೋಡಿ ಹೇಳಿ."

"ನಿಮ್ಮ ಮೇಲಿಂದು ಬೇರೆ ಆಫೀಸಿಗೆ ಹೋಗಿರ್ಬೇಕು ಬಿಡಿ, ನಮಗೆ ಬಂದಿಲ್ಲ," ಎಂದು ಆಕೆ ಷೂ ಬಿಚ್ಚಿದರು.

"ಕೂತ್ಕೊಳ್ಳಿ ಆಂಟಿ," ಎಂದೆ.

"ಆಂಟಿ ಅಂದ್ರೆ ಎದ್ದು ಹೋಗ್ತೀನಿ. ನಿಲ್ದಾಣದಲ್ಲೆಲ್ಲ ನನ್ನ ನಲವತ್ತಾರಕ್ಕ ಅಂತಾರೆ. ವಯಸ್ಸು ಅಲ್ಲ, ವಯಸ್ಸು ಐವತ್ತೇಳು. ವಿಮಾನ ಎಷ್ಟೊತ್ತಿಗೆ ಮುಟ್ತದೆ ಅಂತ ಯಾರು ಕೇಳಿದ್ರೂ, ನಲವತ್ತಾರು ನಿಮಿಷ, ಗಾಳಿ ಒಪ್ಪಿದ್ರೆ ಅಂತೀನಲ್ಲ, ಅದಕ್ಕೆ."

ಆಕೆಯ ಕೆಲಸ ಏನು ಎಂದು ನನಗೆ ಅವತ್ತೇ ಗೊತ್ತಾದದ್ದು. ಡಿಸ್ಪ್ಯಾಚರ್ ಎನ್ನುತ್ತಾರಂತೆ. ವಿಮಾನ ಹೊರಡುವ ಮೊದಲು ದಾರಿ ಯಾವುದು, ಗಾಳಿ ಎಷ್ಟು, ಎಣ್ಣೆ ಎಷ್ಟು, ಹೊತ್ತು ಎಷ್ಟು ಎಂದು ನೆಲದ ಮೇಲೆ ಕೂತು ಲೆಕ್ಕ ಹಾಕಿ ಪೈಲಟ್ ಕೈಗೆ ಹಾಳೆ ಕೊಡುವವರು. ಆಕೆ ರುಜು ಹಾಕದೆ ವಿಮಾನ ಕದಲುವಂತಿಲ್ಲ.

ನಾನು ಫೋನ್ ತೆಗೆದು ಆ ಪುಟ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು.

"ಇದು ಕಾಗೆಗೆ ಸರಿ. ಅದೂ ಅವಸರದಲ್ಲಿರೋ ಕಾಗೆಗೆ."

ನನಗೆ ಮುಖ ಬಿಸಿಯಾಯಿತು. ಆಕೆ ನಗಲಿಲ್ಲ. ಮೇಜಿನ ಮೇಲಿದ್ದ ಎರಡು ಲೋಟಗಳನ್ನು ಆಚೆಗೊಂದು ಈಚೆಗೊಂದು ಇಟ್ಟರು. ನಡುವೆ ಬಿಸ್ಕತ್ತಿನ ತಟ್ಟೆ. "ಇದು ನಾವು, ಅದು ಅವರು. ನಿಮ್ಮ ಪುಟ ಇಲ್ಲಿಂದ ಅಲ್ಲಿಗೆ ದಾರ ಎಳೆದು ಅಳೆದಿದೆ. ತಟ್ಟೆ ಇದೆಯಲ್ಲ, ಇದು ಸೈನ್ಯದವರು ಗುಂಡು ಹೊಡಿಯೋ ಜಾಗ. ಅದರ ಮೇಲೆ ಹೋಗಂಗಿಲ್ಲ. ಪಕ್ಕದಲ್ಲಿ ಬೆಟ್ಟ. ಹಂಗಾಗಿ ನಾವು ಹಿಂಗೆ ಬಳಸ್ಕೊಂಡು ಹೋಗ್ತೀವಿ. ಇನ್ನೂರ ತೊಂಬತ್ತೆಂಟು ಕಿಲೋಮೀಟರ್. ಬೆಳಗ್ಗೆ ಹೊತ್ತು ಗಾಳಿ ಎದುರಿಗೆ. ನಮ್ಮ ವೇಳಾಪಟ್ಟೀಲಿ ಒಂದು ಗಂಟೆ ಹತ್ತು ನಿಮಿಷ ಅಂತಿತ್ತಲ್ಲ, ನೋಡ್ಲಿಲ್ವಾ?"

"ನೋಡ್ದೆ. ತಡ ಆದ್ರೂ ಹೊತ್ತಿಗೆ ಸರಿಯಾಗಿ ಬಂದ್ವಿ ಅಂತ ನೀವು ಹೇಳ್ಕೊಳ್ಳೋಕೆ ಜಾಸ್ತಿ ಹಾಕಿರ್ತೀರಿ ಅಂದ್ಕೊಂಡೆ."

"ಅದೂ ಸ್ವಲ್ಪ ನಿಜಾನೇ," ಎಂದರು ಆಕೆ, ಬಿಸ್ಕತ್ತು ಮುರಿಯುತ್ತ. "ಬಾಗಿಲು ಹಾಕಿದಾಗಿಂದ ಬಾಗಿಲು ತೆಗೆಯೋ ತನಕ ಅದು. ಚಕ್ರ ನೆಲ ಬಿಟ್ಟಾಗಿಂದ ಮತ್ತೆ ನೆಲ ಮುಟ್ಟೋ ತನಕ ನಲವತ್ತಾರು. ನಿಮಗೆ ಬೇಕಾಗಿದ್ದು ಎರಡೂ ಅಲ್ಲ. ಇಳಿಯೋಕೆ ಶುರುವಾಗೋ ನಿಮಿಷ. ಅದನ್ನ ಯಾವ ಪುಟಾನೂ ಬರಿಯಲ್ಲ."

ಆಮೇಲೆ ಪುಸ್ತಕದ ಮೇಲೆ ಕೈಯಿಟ್ಟು ಹೇಳಿದರು. "ತಪ್ಪು ನಮ್ಮದೂ ಇದೆ. ಅದನ್ನ ಕಾಗದದಲ್ಲಿ ಬರೆಯೋಕೆ ದೊಡ್ಡವರು ಬಿಡಲ್ಲ. ಅದಕ್ಕೇ ಬಂದಿದ್ದು. ಮಡಿಲ ಕೂಸು ಹತ್ತಿದ ದಿನ ನಾನು ಹಾಳೆ ಮೇಲೆ ಕೆಂಪು ಪೆನ್ಸಿಲಲ್ಲಿ ಸಾಲಿನ ನಂಬರು ಹಾಕಿ ಸುತ್ತ ಒಂದು ಸೊನ್ನೆ ಹಾಕ್ತೀನಿ. ಹಾಲಿನ ಗುರುತು ಅಂತೀವಿ. ಇಳಿಯೋಕೆ ಶುರು ಮಾಡೋ ಎರಡು ನಿಮಿಷ ಮೊದಲು ಪೈಲಟ್ ಗಗನಸಖಿಗೆ ಗಂಟೆ ಒತ್ತುತ್ತಾನೆ, ಅವಳು ಬಂದು ತಾಯಿಗೆ ಈಗ ಕುಡಿಸಿ ಅಂತಾಳೆ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ನಾವು ನಾವೇ ಮಾಡ್ಕೊಂಡಿದ್ದು. ನೀವು ಹೋದ ದಿನ ನಾನು ರಜೆ. ಯಜಮಾನರಿಗೆ ಹಲ್ಲು ಕೀಳಿಸೋದಿತ್ತು. ನನ್ನ ಬದಲಿಗೆ ಕೂತವಳು ಹೊಸಬಳು. ಎಣ್ಣೆ, ಗಾಳಿ ಎಲ್ಲ ಹೇಳ್ಕೊಟ್ಟಿದ್ದೆ, ಗುರುತು ಹೇಳ್ಕೊಟ್ಟಿರಲಿಲ್ಲ."

ದೂರು ಬರೆದ ಮೇಲೆ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಒಪ್ಪಿಕೊಂಡರೆ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ. ಅಳು ಬಂತು. ಶುಕ್ರವಾರ, ಹದಿನಾರು, ಆರು ವಾರ, ಬಸ್ಸು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅತ್ತೆ ನಡುವೆ ಬಾಯಿ ಹಾಕಿದರು. "ನಾನೂ ಅದೇ ಹೇಳ್ತಿದೀನಿ. ಮಗು ಸ್ವಲ್ಪ ದೊಡ್ಡದಾಗ್ಲಿ, ಕಿವಿ ಗಟ್ಟಿಯಾಗ್ಲಿ, ಆಮೇಲೆ ಹೋದ್ರಾಯ್ತು."

"ಕಿವಿ ಕಾಯ್ತದೆ ಅಮ್ಮಾ," ಎಂದರು ನಲವತ್ತಾರಕ್ಕ, "ಕಣ್ಣು ಕಾಯಲ್ಲ ಅಂತ ಡಾಕ್ಟರು ಹೇಳಿದ್ದಾರಲ್ಲ." ನನ್ನ ಕಡೆ ತಿರುಗಿದರು. "ಬುಧವಾರ ಬೆಳಗ್ಗೆ ಏಳೂವರೆಗೆ ಮಗು ಕರ್ಕೊಂಡು ನಿಲ್ದಾಣಕ್ಕೆ ಬನ್ನಿ. ಪಾಸ್ ಮಾಡಿಸಿರ್ತೀನಿ. ಹತ್ತೋದು ಬೇಡ. ನನ್ನ ಪಕ್ಕ ಕೂತು ಒಂದು ವಿಮಾನ ಹೋಗಿ ಮುಟ್ಟೋದನ್ನ ನೋಡಿ. ಆಮೇಲೆ ಫೋನ್ ಮಾಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಬುಧವಾರದ ಹೊತ್ತಿಗೆ ಹೋಗಬಾರದು ಎಂಬುದಕ್ಕೆ ನನ್ನ ಹತ್ತಿರ ಏಳು ಕಾರಣ ಇದ್ದವು. ಹೋದೆ.

ಟಿಕೆಟ್ ಕೌಂಟರಿನ ಹಿಂದಿನ ಕಿರುಕೋಣೆ ಆಕೆಯದು. ರನ್‌ವೇ ಕಡೆಗೊಂದು ಕಿಟಕಿ, ಅದರಾಚೆ ಗಾಳಿಗೆ ಉಬ್ಬಿ ನಿಂತ ಕಿತ್ತಳೆ ಬಣ್ಣದ ಬಟ್ಟೆಯ ಕೊಳವೆ. ಎರಡು ಕಂಪ್ಯೂಟರ್, ಒಂದು ರೇಡಿಯೋ, ಗೋಡೆಯ ಮೇಲೆ ಎರಡು ಗಡಿಯಾರ. ಮೂಲೆಯಲ್ಲಿ ನೀರು ಕಾಯಿಸುವ ಕೆಟಲ್, ಅದರ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್. ಮಗಳನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಹೊಸಬಳು ಎಂದರಲ್ಲ, ಆ ಹುಡುಗಿಯೂ ಅಲ್ಲೇ ಇದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿ, "ಸಾರಿ ಮೇಡಂ" ಎಂದಳು. ನನಗೇ ನಾಚಿಕೆಯಾಯಿತು.

ನಲವತ್ತಾರಕ್ಕ ಹಾಳೆ ತುಂಬುತ್ತ ತಮ್ಮ ಕತೆ ಹೇಳಿದರು. ಕತೆ ಎಂದು ಹೇಳಿದ್ದಲ್ಲ, ನಾನು ಕೇಳಿದ್ದಕ್ಕೆ ನಡುನಡುವೆ ಬಂದದ್ದು.

ಇಪ್ಪತ್ತನೆಯ ವಯಸ್ಸಿಗೆ ಇಲ್ಲಿಗೆ ಟೈಪಿಸ್ಟ್ ಆಗಿ ಸೇರಿದ್ದರಂತೆ. ಆಗ ಈ ಲೆಕ್ಕವನ್ನೆಲ್ಲ ಕೈಯಲ್ಲಿ ಹಾಕುತ್ತಿದ್ದವರು ಒಬ್ಬ ಮುದುಕರು. ತಟ್ಟೆಯಷ್ಟಗಲದ ತಿರುಗುವ ಅಳತೆಪಟ್ಟಿ ಹಿಡಿದು, ಗೊಣಗುತ್ತ, ಅಂಕಿ ಹೇಳುತ್ತಿದ್ದರು. ಇವರು ಟೈಪ್ ಮಾಡುತ್ತಿದ್ದರು. ನಾಲ್ಕು ವರ್ಷ ಅವೇ ಅಂಕಿ. ಒಂದು ಬೆಳಗ್ಗೆ ಮುದುಕರು ಜ್ವರದಲ್ಲಿ ನಡುಗುತ್ತ ಬಂದು, ಕುರ್ಚಿಯಲ್ಲಿ ಕುಸಿದು, ನೀನೇ ಹಾಕು, ನಾನು ನೋಡ್ತೀನಿ ಎಂದರು. ಇವರು ಹಾಕಿದರು. ಮುದುಕರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು, ಎಲ್ಲೂ ತಿದ್ದದೆ ರುಜು ಹಾಕಿದರು.

"ಹೊಗಳಿದ್ರಾ?" ಎಂದೆ.

"ಟೈಪಿಂಗಲ್ಲಿ ತಪ್ಪು ಮಾಡ್ತೀಯಲ್ಲ, ಇದರಲ್ಲಿ ಹೆಂಗೆ ಮಾಡ್ಲಿಲ್ಲ ಅಂದ್ರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ."

ಈ ಕೆಲಸದ ಪರೀಕ್ಷೆಗೆ ಕಟ್ಟಿಸಿದವರೂ ಆ ಮುದುಕರೇ. ಮೊದಲ ಸಲ ಹವಾಮಾನದ ಪತ್ರಿಕೆಯಲ್ಲಿ ಫೇಲು. ಎರಡನೆಯ ಸಲ ಪರೀಕ್ಷೆಯ ವಾರವೇ ಹೆರಿಗೆ. ಮೂರನೆಯ ಸಲ ಕೂಸನ್ನು ಹೊರಗೆ ಗಂಡನ ಕೈಯಲ್ಲಿ ಬಿಟ್ಟು ಒಳಗೆ ಹೋಗಿ ಬರೆದು ಪಾಸಾದರು. ಗಂಡನಿಗೆ ಊರಿನ ಛಾಪಖಾನೆಯಲ್ಲಿ ಕೆಲಸ. "ಎಷ್ಟು ವಿಮಾನದ ಹೊತ್ತು ಹೇಳಿದೀನಿ," ಎಂದು ನಿಟ್ಟುಸಿರು ಬಿಟ್ಟರು, "ನಮ್ಮೆಜಮಾನ್ರು ಹತ್ತೇ ನಿಮಿಷ ಅಂತ ಹೊರಗೆ ಹೋದ್ರೆ ಎಷ್ಟೊತ್ತಿಗೆ ಬರ್ತಾರೆ ಅನ್ನೋದು ಮಾತ್ರ ಇವತ್ತಿಗೂ ಲೆಕ್ಕಕ್ಕೆ ಸಿಕ್ಕಿಲ್ಲ."

ಹೊಸಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆ ದಪ್ಪ ಪುಸ್ತಕದ ಬಗ್ಗೆ ಕೇಳಿದೆ. ಹಾಳೆಗೆ ರುಜು ಹಾಕುವ ಅಧಿಕಾರ ಬಂದ ಎರಡನೆಯ ವರ್ಷ, ಯಾರೋ ಒಬ್ಬ ಮೇಷ್ಟ್ರು ನಿಲ್ದಾಣದಲ್ಲಿ ಕಾಯುತ್ತಿದ್ದರಂತೆ. ಹೆಂಡತಿ ಆಚೆಯಿಂದ ಬರುವವರಿದ್ದರು. ಇವರು ನಲವತ್ತಾರು ನಿಮಿಷ ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಅವತ್ತು ಗಾಳಿ ಎದುರು ಬಿದ್ದು, ದಾರಿ ಇನ್ನೂ ಬಳಸಿ, ಎಪ್ಪತ್ತೊಂದು ನಿಮಿಷ ಹಿಡಿಯಿತು. ವಿಮಾನ ಸುಖವಾಗಿಯೇ ಬಂತು. ಆದರೆ ನಲವತ್ತೇಳರಿಂದ ಎಪ್ಪತ್ತೊಂದರವರೆಗೆ ಆ ಮೇಷ್ಟ್ರ ಮುಖ ನೋಡಿದ್ದನ್ನು ಮರೆಯಲು ಆಗಲಿಲ್ಲ. ಅವತ್ತು ಸಂಜೆಯೇ ಪುಸ್ತಕ ಕೊಂಡರು. ಅಂದಿನಿಂದ ಪ್ರತಿ ಹಾರಾಟದ ನಿಜವಾದ ನಿಮಿಷ, ಗಾಳಿ, ಇಳಿಯಲು ಶುರುಮಾಡಿದ ನಿಮಿಷ ಎಲ್ಲ ಬರೆದಿಟ್ಟಿದ್ದಾರೆ. ಇದು ಒಂಬತ್ತನೆಯ ಪುಸ್ತಕ. ಕಂಪ್ಯೂಟರಿನಲ್ಲಿ ಎಲ್ಲ ಇರುತ್ತದಲ್ಲ ಎಂದೆ.

"ಇರ್ತದೆ. ಅದನ್ನ ಕೇಳಿದ್ರೆ ಹೇಳ್ತದೆ. ನನಗೆ ಕೇಳೋ ಮೊದಲೇ ಗೊತ್ತಿರ್ಬೇಕು."

ಹಾಲಿನ ಗುರುತು ಹುಟ್ಟಿದ್ದು ಹೇಗೆ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಪಾಸಾದ ಖುಷಿಗೆ ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಇದೇ ವಿಮಾನದಲ್ಲಿ ಹೋಗಿದ್ದರಂತೆ. "ದಾರಿ ಗೊತ್ತು, ಗಾಳಿ ಗೊತ್ತು, ಎಣ್ಣೆ ಒಂದು ಲೀಟರ್ ಆಚೆ ಈಚೆ ಆಗದಂಗೆ ಗೊತ್ತು. ಮಗು ಕಿವಿ ಮಾತ್ರ ಗೊತ್ತಿರಲಿಲ್ಲ. ನಿಮ್ಮ ಮಗಳಿಗಿಂತ ಜೋರಾಗಿ ಕಿರುಚಿದ್ಲು. ಹಿಂದಿನ ಸೀಟಿಂದ ಒಬ್ಬ ಅಜ್ಜಿ ಬಂದು, ಏಯ್, ಎದೆಗೆ ಹಾಕ್ಕೊಳ್ಳೇ ಅಂತ ಗದರಿದ್ಲು. ಹಾಕ್ಕೊಂಡೆ. ನಿಲ್ಲಿಸಿದ್ಲು. ಮಾರನೇ ದಿನದಿಂದ ಕೆಂಪು ಪೆನ್ಸಿಲ್ ಶುರು."

ಅಷ್ಟರಲ್ಲಿ ಎಂಟು ಹೊಡೆಯಿತು. ಅವತ್ತಿನ ವಿಮಾನದಲ್ಲಿ ಎರಡು ಕೂಸು. ಮೂರನೆಯ ಸಾಲಿನಲ್ಲೊಂದು, ಒಂಬತ್ತನೆಯ ಸಾಲಿನಲ್ಲೊಂದು. ಹೊಸಬಳೇ ಪೆನ್ಸಿಲ್ ತೆಗೆದುಕೊಂಡು ಎರಡು ಕೆಂಪು ಸೊನ್ನೆ ಹಾಕಿದಳು. ಪೈಲಟ್ ಬಂದು ಹಾಳೆ ತೆಗೆದುಕೊಂಡರು. "ಏನಕ್ಕಾ, ಇವತ್ತು ಎರಡು ಹಾಲು?" ಎಂದು ನನ್ನ ಮಡಿಲು ನೋಡಿ, "ಇದು ಮೂರನೇದಾ?" ಎಂದರು.

"ಇದು ಇನ್ನೂ ಯೋಚನೆ ಮಾಡ್ತಾ ಇದೆ," ಎಂದರು ನಲವತ್ತಾರಕ್ಕ.

ಎಂಟು ಹದಿನಾಲ್ಕಕ್ಕೆ ಚಕ್ರ ನೆಲ ಬಿಟ್ಟಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಆಕೆ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನನಗೆ ತಡೆಯಲಾಗಲಿಲ್ಲ. ಗಾಳಿ ಜೋರಾದರೆ? ಗಗನಸಖಿ ಮರೆತರೆ? ಆ ಹೊತ್ತಿಗೆ ಮಗುವಿಗೆ ಹಸಿವೇ ಇಲ್ಲದಿದ್ದರೆ? ನೆಗಡಿ ಆದರೆ? ಇಳಿಯಲು ಜಾಗವಿಲ್ಲದೆ ಮೇಲೆಯೇ ಸುತ್ತಬೇಕಾದರೆ?

ಆಕೆ ಒಂದೊಂದಕ್ಕೂ ಉತ್ತರ ಕೊಟ್ಟರು. ಹೊರಡುವ ಎರಡೂವರೆ ಗಂಟೆ ಮೊದಲು ಕುಡಿಸಿ, ಆಮೇಲೆ ಕೊಡಬೇಡಿ, ಹಸಿವು ತಾನೇ ಬರುತ್ತದೆ. ನೆಗಡಿ ಆದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ. ಗಗನಸಖಿ ಮರೆತರೆ ನಿಮ್ಮ ಕೈಯಲ್ಲಿ ಗಡಿಯಾರ ಇದೆ, ಚಕ್ರ ನೆಲ ಬಿಟ್ಟ ನಿಮಿಷ ಬರೆದಿಟ್ಟುಕೊಳ್ಳಿ, ಇಪ್ಪತ್ತೇಳನೆಯ ನಿಮಿಷದ ಆಚೆ ಈಚೆ ನೋಡಿ. ನಾನು ಆರನೆಯ ಪ್ರಶ್ನೆಗೆ ಬಾಯಿ ತೆರೆದಾಗ ಮಾತ್ರ ಪೆನ್ನು ಕೆಳಗಿಟ್ಟರು.

"ಇನ್ನೆಷ್ಟು 'ಆದ್ರೆ' ಇದೆ ನಿಮ್ಮ ಹತ್ರ? ಎಲ್ಲ ಒಟ್ಟಿಗೆ ಕೊಟ್ಬಿಡಿ, ತಕ್ಕಡಿಗೆ ಹಾಕ್ಸೋಣ. ಹದಿನೈದು ಕೆಜಿ ದಾಟಿದ್ರೆ ವಿಮಾನಕ್ಕೆ ಬಿಡಲ್ಲ."

ಎಷ್ಟೋ ದಿನದ ಮೇಲೆ ನಕ್ಕೆ. ಮಡಿಲಲ್ಲಿದ್ದವಳು ನನ್ನ ನಗುವಿನ ದನಿಗೆ ತಲೆ ಎತ್ತಿದಳು.

ಎಂಟು ನಲವತ್ತೊಂದಕ್ಕೆ ರೇಡಿಯೋ ಗರಗರ ಎಂದಿತು. ಪೈಲಟ್ ದನಿ. ಇಳಿಯಲು ಶುರುಮಾಡಿದ್ದೇವೆ. ಗಡಿಯಾರ ನೋಡಿದೆ. ಇಪ್ಪತ್ತೇಳು.

"ಈಗ," ಎಂದರು ನಲವತ್ತಾರಕ್ಕ. "ನೀವೂ ಕುಡಿಸಿ. ತಾಲೀಮು ಆಗ್ಲಿ."

ಬಾಟಲಿ ಬಾಯಿಗಿಟ್ಟೆ. ಮಗಳು ಹಸಿದಿದ್ದಳು, ಹೀರತೊಡಗಿದಳು. ಅವಳ ಗಂಟಲು ಏಳುವುದು ಇಳಿಯುವುದನ್ನೇ ನೋಡುತ್ತಿದ್ದೆ. ಅದೇ ಹೊತ್ತಿಗೆ ಬೆಟ್ಟದಾಚೆ ಎಲ್ಲೋ ಇನ್ನಿಬ್ಬರು ತಾಯಂದಿರು ಹೀಗೇ ಬಗ್ಗಿ ನೋಡುತ್ತಿದ್ದಾರೆ ಎಂದು ಹೊಳೆಯಿತು. ಆದರೆ ಹನ್ನೊಂದೇ ನಿಮಿಷಕ್ಕೆ ಬಾಟಲಿ ಖಾಲಿ. ಇನ್ನೂ ಎಂಟು ನಿಮಿಷ ಬಾಕಿ. ಖಾಲಿ ಬಾಟಲಿಯನ್ನು ಆಕೆಯ ಮುಂದೆ ಹಿಡಿದೆ.

"ನೋಡಿ, ನೋಡಿ, ಇದನ್ನೇ ನಾನು ಹೇಳಿದ್ದು!"

"ಒಳ್ಳೇದೇ ಆಯ್ತು, ನೆಲದ ಮೇಲೇ ಗೊತ್ತಾಯ್ತಲ್ಲ. ಬಾಟ್ಲಿ ನಿಪ್ಪಲ್ ಸಣ್ಣ ತೂತಿಂದು ತಗೊಳ್ಳಿ. ಮೂರು ಮೂರು ನಿಮಿಷಕ್ಕೆ ತೆಗೆದು ತೇಗಿಸಿ. ಆಮೇಲೂ ಉಳಿದ್ರೆ ಎದೆ ಹಾಲಿಲ್ವಾ?"

"ಪಕ್ಕದಲ್ಲಿ ಯಾರಾದ್ರೂ ಗಂಡಸರು ಕೂತಿದ್ರೆ..."

"ಕಿಟಕಿ ಪಕ್ಕ ನೀವು, ಈ ಕಡೆ ನಿಮ್ಮತ್ತೆ. ಅವರನ್ನ ದಾಟಿ ಯಾರು ನೋಡ್ತಾರಮ್ಮ? ನನಗೇ ಮೊನ್ನೆ ಭಯ ಆಯ್ತು."

ಒಂಬತ್ತು ಗಂಟೆ ಒಂದು ನಿಮಿಷಕ್ಕೆ ವಿಮಾನ ನೆಲ ಮುಟ್ಟಿತು. ನಲವತ್ತೇಳು ನಿಮಿಷ. ಆಕೆ ಬರೆದುಕೊಂಡು, ನಾನು ಕೇಳದಿದ್ದರೂ ಆಚೆಯ ನಿಲ್ದಾಣಕ್ಕೆ ಫೋನ್ ಹಚ್ಚಿದರು. "ಹಾಲು ಏನಾಯ್ತು?" ಎಂದರು. ಕೇಳಿಸಿಕೊಂಡರು. ಫೋನ್ ಇಟ್ಟು ನನ್ನ ಮುಖ ನೋಡಿದರು.

"ಒಂಬತ್ತನೇ ಸಾಲಿಂದು ಪಿಟ್ ಅಂದಿಲ್ಲ. ಮೂರನೇ ಸಾಲಿಂದು ಕೊನೆಗೆ ಅತ್ತಿತಂತೆ. ಎರಡು ಮೂರು ನಿಮಿಷ. ಆಮೇಲೆ ಸರಿಹೋಯ್ತಂತೆ. ನಿಮಗೆ ಸುಳ್ಳು ಹೇಳಲ್ಲ."

ಎರಡೂ ಮಲಗಿಯೇ ಇದ್ದವು ಎಂದು ಆಕೆ ಹೇಳಿಬಿಡಬಹುದಿತ್ತು. ನನಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗಿ, ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದರೇನೋ ಎಂದು ಮತ್ತೆ ಸಂಶಯ ಪಡುತ್ತಿದ್ದೆ, ಅದು ನನ್ನ ಜಾಯಮಾನ. ಎರಡು ಮೂರು ನಿಮಿಷ ಎಂದದ್ದೇ ಒಳ್ಳೆಯದಾಯಿತು. ಎರಡು ಮೂರು ನಿಮಿಷವನ್ನು ನಾನು ಹೊರಬಲ್ಲೆ ಎಂದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಅನಿಸಿತು.

ಆದರೂ ಗುರುವಾರ ಫೋನ್ ಮಾಡಲಿಲ್ಲ. ಔಷಧಿ ಅಂಗಡಿಗೆ ಹೋಗಿ ಸಣ್ಣ ತೂತಿನ ನಿಪ್ಪಲ್ ತಂದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಕುಡಿಸಿದೆ. ಮೊದಲ ಸಲ ಹದಿನಾಲ್ಕು ನಿಮಿಷ, ಎರಡನೆಯ ಸಲ ಹದಿನೆಂಟು. ಮೂರನೆಯ ಸಲ ತೇಗಿಸುತ್ತ ತೇಗಿಸುತ್ತ ಇಪ್ಪತ್ತೊಂದು. ನಿಪ್ಪಲನ್ನು ಬಾಯಿಂದ ತೆಗೆದಾಗಲೆಲ್ಲ ಮಗಳು ಹುಬ್ಬು ಗಂಟಿಕ್ಕುತ್ತಿದ್ದಳು. "ಪರೀಕ್ಷೆಗೆ ಓದೋ ಹಾಗೆ ಕುಡಿಸ್ತಾಳಪ್ಪ," ಎಂದರು ಅತ್ತೆ. ಆದರೆ ಅವರೇ ಪಕ್ಕದಲ್ಲಿ ಕೂತು ನಿಮಿಷ ಎಣಿಸಿ ಹೇಳುತ್ತಿದ್ದರು.

ಶುಕ್ರವಾರ ಬೆಳಗ್ಗೆ ಗಂಡ ಪಾಳಿ ಮುಗಿಸಿ ಬಂದ. ತಲೆಗೂದಲಿನಲ್ಲಿ ಗಾಜಿನ ಹುಡಿ. ಹತ್ತು ಗಂಟೆ ಆಯಿತು, ಹತ್ತೂವರೆ ಆಯಿತು. ಫೋನನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಇಡುತ್ತಿದ್ದೆ.

"ನಾನು ಮಾಡ್ಲಾ?" ಎಂದ.

"ಬೇಡ."

"ಹೋಗೋದು ಬೇಡ ಅನ್ಸಿದ್ರೆ ಹೇಳು. ಬೈಯಲ್ಲ."

"ಬೈದ್ರೆ ಚೆನ್ನಾಗಿತ್ತು," ಎಂದೆ. "ಒಳ್ಳೆ ಮಾತಾಡಿ ನನ್ನ ತಲೆ ಇನ್ನೂ ಕೆಡಿಸ್ಬೇಡ. ಹೋಗಿ ಮಲಕ್ಕೋ."

ಮಗಳು ಕಿಟಕಿಯ ಬಳಿ ಚಾಪೆಯ ಮೇಲೆ ಮಲಗಿದ್ದಳು. ಬಿಸಿಲು ಅವಳ ಕಾಲಿನವರೆಗೆ ಬಂದಿತ್ತು. ಬೆಳಕು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಆ ಕಡೆಗೇ ಕೈ ಬೀಸುತ್ತಿದ್ದಳು. ಬೆಳಕಿನ ಮುಂದೆ ನಾನು ಹೋಗಿ ಬಗ್ಗಿ ನಿಂತೆ. ಅವಳ ಮುಖದ ಮೇಲೆ ನನ್ನ ನೆರಳು ಬಿತ್ತು. ನೆರಳು ಯಾಕೆ ಬಂತು ಎನ್ನುವ ಹಾಗೆ ಅವಳು ಕಣ್ಣು ಅರಳಿಸಿದಳು, ನನ್ನನ್ನು ದಾಟಿ ನೋಡಿದಳು. ಇನ್ನಾರು ವಾರ ಹೀಗೇ ದಾಟಿ ನೋಡಬೇಕೇ ಎಂದು ಆಗ ನನಗೆ ಬೇರೆಲ್ಲ ಭಯಕ್ಕಿಂತ ದೊಡ್ಡ ಭಯ ಹುಟ್ಟಿತು.

ಹನ್ನೊಂದೂಕಾಲಿಗೆ ನಂಬರ್ ಒತ್ತಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಗಂಟೆ ಹೋಯಿತು. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

"ಹಲೋ, ಕಣ್ಣಿನ ಆಸ್ಪತ್ರೆ, ಮಕ್ಕಳ ವಿಭಾಗ," ಎಂದಿತು ಹೆಣ್ಣು ದನಿ.

"ಹದಿನಾರನೇ ತಾರೀಖಿಗೆ ನಮ್ಮ ಮಗಳದ್ದು ಇದೆ. ಎರಡೂ ಕಣ್ಣು, ಪೊರೆ. ಹನ್ನೆರಡರೊಳಗೆ ಫೋನ್ ಮಾಡಿ ಅಂದಿದ್ರು."

ಕಾಗದ ತಿರುವುವ ಸದ್ದು. "ಇದೆ, ಇದೆ. ನಿಮ್ಮ ಫೋನೇ ಬರ್ಲಿಲ್ವಲ್ಲ ಅಂತ ಈಗ ತಾನೇ ಅಂದ್ಕೋತಿದ್ದೆ. ಬರ್ತೀರಾ?"

"ಬರ್ತೀವಿ."

"ನೆಗಡಿ, ಜ್ವರ ಏನಾದ್ರೂ?"

"ಇಲ್ಲ."

"ತೂಕ?"

"ಐದು ಕೆಜಿ ನಾನೂರು. ನಿನ್ನೆ ಹಾಕ್ಸಿದ್ದು."

"ಹಿಂದಿನ ದಿನವೇ ದಾಖಲಾಗ್ಬೇಕು. ಬಸ್ಸಾದ್ರೆ ನೀವು ಬರೋದು ಸಂಜೆ ಆಗ್ತದೆ, ಅಷ್ಟೊತ್ತಿಗೆ ರಕ್ತ ಪರೀಕ್ಷೆಯವರು ಹೋಗಿರ್ತಾರೆ. ಹೇಗೆ ಬರ್ತೀರಿ?"

"ವಿಮಾನಕ್ಕೆ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಬೆಳಗ್ಗೆ ಒಂಬತ್ತೂವರೆಗೆ ಅಲ್ಲಿರ್ತೀವಿ. ಬರ್ಕೊಳ್ಳಿ."